ಬುರುಡೆ ಯಾರ ಬಾಯಲ್ಲಿರಬೇಕು?

ಮೈಸೂರು

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಕಥೆಯಲ್ಲಿ ಮಳವಳ್ಳಿಯ ಟೀ ಅಂಗಡಿಯೆದುರು ಕುಳಿತ ಹಿರಿಯರು ಮಾತಿನ ನಡುವೆ, "ಇಡೀ ಏಷ್ಯಾದಲ್ಲೇ ಮೊದ್ಲು ಕರೆಂಟು ಉಟ್ಟಿದ್ದು ನಮ್ ಶಿವನಸಮುದ್ರದಲ್ಲಿ ಕನಪ್ಪ" ಎನ್ನುವ ಭಾಗ ನನಗೆ ಬಹಳ ಹಿಡಿಸಿತು. ಆದರೆ ಮುಂದೆ ನಿರೂಪಕನೂ ಅದನ್ನೇ ತನ್ನ ದನಿಯಲ್ಲಿ ಹೇಳಿಬಿಡುತ್ತಾನೆ. ನನ್ನ ತಕರಾರು ಇರುವುದು ಅಲ್ಲಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು ನಿಜ. ಆದರೆ ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್‌ನಲ್ಲಿ 1897ರಲ್ಲಿಯೂ ಜಪಾನಿನ ಕ್ಯೋಟೋದಲ್ಲಿ 1891ರಲ್ಲಿಯೂ ಜಲವಿದ್ಯುತ್ ಕೇಂದ್ರಗಳು ಕೆಲಸ ಆರಂಭಿಸಿದ್ದವು. ಹಿರಿಯರು ಆಡಿದಾಗ ಊರಿನ ಅಭಿಮಾನವಾಗಿದ್ದ ಮಾತು ನಿರೂಪಕನಿಗೆ ಬಂದೊಡನೆ ತಪ್ಪು ಮಾಹಿತಿಯಾಗುತ್ತದೆ.

ಇನ್ನು ಕೇಳುಗರ ವಿಚಾರ. ಅವರೆಲ್ಲರೂ "ಅದು ಸುಳ್ಳು" ಎನ್ನುತ್ತಾರೆ. ಮಂಡ್ಯದ ಕಡೆ ಹರಟೆಯಲ್ಲಿ ಹಾಗೆಂದರೆ ಜಗಳಕ್ಕೆ ಕರೆದಂತೆ. ಬುರುಡೆ, ಓಳು, ರೈಲು ಎಂಬ ಮಾತುಗಳು ಇರುವುದೇ ಆಡಿದವನ ಮಾನ ಉಳಿಸಿ ಆಡಿದ್ದನ್ನು ಮಾತ್ರ ತಳ್ಳಿಹಾಕುವುದಕ್ಕೆ. ಓರಗೆಯವನಾದರೆ "ಓಳು ಬುಡ್ಬ್ಯಾಡ ಕಣ್ಲಾ" ಎಂದು ಎದುರಿಗೇ ಹೇಳಬಹುದು, ಹಿರಿಯರೆದುರು "ಅಂಗಾ ದೊಡ್ಡಪ್ಪಾ?" ಎಂದಷ್ಟೇ ಕೇಳಿ, ಅವರು ಎದ್ದುಹೋದ ಮೇಲೆ "ದೊಡ್ಡಪ್ಪ ಚೆನ್ನಾಗಿ ಬುರುಡೆ ಬುಟ್ರು" ಎಂದು ನಗುತ್ತಾರೆ. ಯಾರು ಯಾವ ಮಾತನ್ನು ಯಾವಾಗ ಆಡುತ್ತಾರೆ ಎಂಬುದರಲ್ಲೇ ನಿನ್ನ ಪಾತ್ರಗಳ ಸಂಬಂಧ ಕಾಣುತ್ತದೆ. "ಕಾಗೆ ಹಾರಿಸು" ಎಂಬುದನ್ನು ಮಾತ್ರ ಇಲ್ಲಿ ಬಳಸಬೇಡ. ಅದರಲ್ಲಿ ಮೋಸದ ವಾಸನೆಯಿದೆ, ಆ ಹಿರಿಯರಲ್ಲಿ ಅದಿಲ್ಲ.

ನಮ್ಮ ನುಡಿಯ "ಅಂತೆ"ಯನ್ನು ನೀನು ಕಥೆಯುದ್ದಕ್ಕೂ ಮರೆತಿದ್ದೀಯೆ, ಇದು ನನಗೆ ನಿಜಕ್ಕೂ ಬೇಸರ ತಂದಿತು. ಕೇಳಿದ ಸುದ್ದಿಯನ್ನು ಮೊದಲು ದಾಟಿಸುವವನು "ಮೊದಲಂತೆ" ಎನ್ನುತ್ತಾನೆ, ಅವನಿಂದ ಕೇಳಿದವನು "ಮೊದಲು" ಎಂದೇ ಹೇಳುತ್ತಾನೆ. ಹೀಗೆ ಬಾಯಿಂದ ಬಾಯಿಗೆ ಹೋಗುವಾಗ "ಅಂತೆ" ಉದುರಿ, ಗಾಳಿಸುದ್ದಿ ಇತಿಹಾಸದ ವೇಷ ತೊಡುತ್ತದೆ. ನಿನ್ನ ಕಥೆಯಲ್ಲಿ ಹಿರಿಯರ ಮಾತು ಕೇಳಿದ ಹುಡುಗ ಮನೆಗೆ ಹೋಗಿ ಅಮ್ಮನಿಗೆ ಇದೇ ವಿಷಯ ಹೇಳುವಲ್ಲಿ ಇದನ್ನು ತೋರಿಸು, ವಿವರಿಸಲು ಹೋಗಬೇಡ. ನಿರೂಪಕನ ಪಾಲಿಗೆ 1902 ಮತ್ತು ಕೋಲಾರದ ಗಣಿಗಳನ್ನಷ್ಟೇ ಬಿಡು. ಸುಮಾರು 150 ಕಿಲೋಮೀಟರ್ ದೂರಕ್ಕೆ ಆ ಕಾಲದಲ್ಲಿ ತಂತಿ ಎಳೆದದ್ದೇ ಸಾಕಷ್ಟು ದೊಡ್ಡ ಸಂಗತಿ.

ತಿದ್ದಿದ ಮೇಲೆ ಟೀ ಅಂಗಡಿಯ ಭಾಗವನ್ನು ಮೊದಲು ಕಳಿಸು.

ಇಂತಿ,
ನಿನ್ನ ಅಣ್ಣ