ಚಿಕಿತ್ಸೆ ಬೇಡವೆನ್ನುವ ಹಕ್ಕು: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ವಾಸಿಯಾಗುವ ಭರವಸೆಯಿಲ್ಲದ ಸ್ಥಿತಿಯಲ್ಲಿ ವೆಂಟಿಲೇಟರ್‌ನಂತಹ ಚಿಕಿತ್ಸೆ ತಮಗೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ.

ಹೀಗೆ ಬರೆದಿಡುವ ಪತ್ರಕ್ಕೆ ಇಬ್ಬರು ಸಾಕ್ಷಿಗಳೆದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ನಮಗೆ ಮಾತನಾಡಲಾಗದ ಹೊತ್ತಿನಲ್ಲಿ ನಮ್ಮ ಪರವಾಗಿ ತೀರ್ಮಾನಿಸಬೇಕಾದವರ ಹೆಸರನ್ನೂ ಅದರಲ್ಲಿ ನಮೂದಿಸಬೇಕು. ಪತ್ರವಿದ್ದ ಮಾತ್ರಕ್ಕೆ ಯಾರೂ ಯಂತ್ರ ನಿಲ್ಲಿಸುವಂತಿಲ್ಲ, ಎರಡು ವೈದ್ಯಕೀಯ ಮಂಡಳಿಗಳು (ವೈದ್ಯರ ತಂಡಗಳು) ಒಪ್ಪಲೇಬೇಕು. ಇದು ಚುಚ್ಚುಮದ್ದು ಕೊಟ್ಟು ಸಾವು ತರಿಸುವ ಕ್ರಮವಲ್ಲ (ಅದು ನಮ್ಮಲ್ಲಿ ಅಪರಾಧ). ನೋವು ಶಮನದ ಆರೈಕೆ ಕೊನೆಯವರೆಗೂ ಸಲ್ಲಬೇಕು.

ಐಸಿಯು ಬಾಗಿಲಲ್ಲಿ ಒಪ್ಪಿಗೆ ಪತ್ರ ಹಿಡಿದು, ಅಪ್ಪನ ಇಚ್ಛೆ ಏನಿತ್ತೆಂದು ತಿಳಿಯದೆ ಮಕ್ಕಳು ಒದ್ದಾಡುವ ಸ್ಥಿತಿ ಯಾರಿಗೂ ಬರಬಾರದು. ದಯವಿಟ್ಟು ಈ ವಿಷಯವನ್ನು ಮನೆಯಲ್ಲಿ ಈಗಲೇ ಚರ್ಚಿಸಿ.