ಮಗಳಿಗೊಂದು ಪತ್ರ: ಮೊದಲು ಬೆನ್ನು, ಆಮೇಲೆ ಕಣ್ಣು, ಕೊನೆಗೆ ಮಾತು

ಚಿನ್ನೂ,

"ಸಿಇಟಿ, ರೆಕಾರ್ಡ್, ಟೆಸ್ಟ್, ಎಲ್ಲಾ ಒಟ್ಟಿಗೆ ಮೈಮೇಲೆ ಬಿದ್ದಿದೆ ಅಪ್ಪಾ, ಪುಸ್ತಕ ತೆಗೆದರೆ ಕೈಕಾಲೇ ಆಡಲ್ಲ" ಅಂದೆ ನಿನ್ನೆ. "ಹೆದರಬೇಡ, ಧೈರ್ಯವಾಗಿರು" ಅಂತ ಹೇಳಿ ಫೋನಿಡಲು ನನಗೆ ಮನಸ್ಸಾಗಲಿಲ್ಲ. ಆ ಮಾತಿನಿಂದ ಪ್ರಯೋಜನವೂ ಇಲ್ಲ. ಎದೆ ಡವಡವ ಅನ್ನುತ್ತಾ ಮೈಯೆಲ್ಲ ಮುದುಡಿಕೊಂಡಿರುವಾಗ ಮನಸ್ಸಿಗೆ ಎಷ್ಟು ಬುದ್ಧಿ ಹೇಳಿದರೂ ಅದು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಅದಕ್ಕೇ ಮೈಯನ್ನು ಮೊದಲು ಸರಿಮಾಡು, ಆಮೇಲೆ ಗಮನವನ್ನು. ನಿನಗೆ ನೀನೇ ಹೇಳಿಕೊಳ್ಳುವ ಮಾತು ಕೊನೆಗೆ.

ನೀನು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಪುಸ್ತಕ ತೊಡೆಯ ಮೇಲಿಟ್ಟು ಓದುತ್ತೀಯ. ಹಾಗೆ ಬಗ್ಗಿದಾಗ ಹೊಟ್ಟೆ ಒತ್ತಿಹೋಗಿ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವಿಗೆ, ಕೆಳಗಿಳಿಯಲು ಜಾಗ ಸಾಲದು. ಉಸಿರು ಎದೆಯ ಮೇಲ್ಭಾಗದಲ್ಲೇ ಸಣ್ಣಸಣ್ಣದಾಗಿ ಆಡುತ್ತದೆ, ಗಾಬರಿಯಾದಾಗ ಆಡುವ ಹಾಗೆಯೇ. ಕುರ್ಚಿಗೆ ಬಾ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲಿ. ತಾಗದಿದ್ದರೆ ಕಾಲಡಿಗೆ ಮಡಚಿದ ಕಂಬಳಿ ಹಾಕು. ಕೂತಾಗ ಪೃಷ್ಠದಡಿ ಗಟ್ಟಿಯಾಗಿ ತಾಗುವ ಎರಡು ಮೂಳೆಗಳೂ ಸೀಟಿಗೆ ಸಮನಾಗಿ ಒತ್ತಬೇಕು. ಓದುವ ಪುಸ್ತಕದಡಿ ನಾಲ್ಕೈದು ಪುಸ್ತಕ ಪೇರಿಸಿ ಎತ್ತರ ಮಾಡಿಕೋ, ಕತ್ತು ಅಷ್ಟು ಬಗ್ಗುವುದಿಲ್ಲ. ಹೆಗಲನ್ನು ಕಿವಿಯವರೆಗೆ ಎತ್ತಿ, ಒಂದು ಉಸಿರು ಹಿಡಿದು, ಒಮ್ಮೆಲೇ ಬಿಟ್ಟುಬಿಡು. ಹಲ್ಲು ಕಚ್ಚಿಕೊಂಡಿದ್ದೀಯಾ ನೋಡು. ತುಟಿ ಮುಚ್ಚಿದ್ದರೂ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಸ್ವಲ್ಪ ಸಂದು ಇರಬೇಕು. "ನೆಟ್ಟಗೆ ಕೂತ್ಕೋ" ಅಂದರೆ ಪರೇಡಿಗೆ ನಿಂತ ಹಾಗೆ ಎದೆ ಉಬ್ಬಿಸುವವರೇ ಹೆಚ್ಚು. ಹಾಗೆ ಮಾಡಿದರೆ ಸೊಂಟ ಬಿಗಿಯುತ್ತದೆ, ಸ್ವಲ್ಪ ಹೊತ್ತಿಗೆ ನೋವು ಬಂದು ಮತ್ತೆ ಕುಸಿಯುತ್ತೀಯ.

ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತರೆ ಹಾರ್ಮೋನೇ ಬದಲಾಗುತ್ತದೆ ಅನ್ನುವ ರೀಲ್ಸ್ ನಂಬಬೇಡ. 2010ರ ಒಂದು ಅಧ್ಯಯನ ಹಾಗೆ ಹೇಳಿತ್ತು. 2015ರಲ್ಲಿ ಇನ್ನೂ ಹೆಚ್ಚು ಜನರ ಮೇಲೆ ಮಾಡಿ ನೋಡಿದಾಗ ಹಾರ್ಮೋನಿನ ಬದಲಾವಣೆ ಕಾಣಲಿಲ್ಲ. ನೆಟ್ಟಗೆ ಕೂರುವುದರಿಂದ ನಿನಗೆ ಸಿಗುವುದು ಉಸಿರಿಗೆ ಜಾಗ. ಅಷ್ಟು ಸಾಕು.

ಆ ಜಾಗವನ್ನು ಬಳಸಿಕೋ. ಮೂಗಿನಿಂದ ಉಸಿರೆಳೆ, ತುಂಬಿತು ಅನ್ನಿಸಿದ ಮೇಲೂ ಇನ್ನೊಂದು ಚಿಕ್ಕ ಗುಟುಕು ಎಳೆ, ಆಮೇಲೆ ಬಿಸಿ ಕಾಫಿ ಆರಿಸುವ ಹಾಗೆ ಬಾಯಿಂದ ನಿಧಾನವಾಗಿ ಪೂರ್ತಿ ಬಿಡು. ಮೂರು ಸಲ. ಎಳೆಯುವಾಗ ಎದೆಬಡಿತ ತುಸು ಹೆಚ್ಚುತ್ತದೆ, ಬಿಡುವಾಗ ಇಳಿಯುತ್ತದೆ; ಅದಕ್ಕೇ ಬಿಡುವುದು ಉದ್ದ ಇರಬೇಕು. ಬೇಗಬೇಗ ದೊಡ್ಡದಾಗಿ ಎಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ತೇಲಿದಂತಾಗಿ, ಬೆರಳ ತುದಿ ಜುಮ್ಮೆನ್ನುತ್ತದೆ. ಆಗ ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡು.

ಇನ್ನು ಗಮನ. ತಲೆ ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ಸುಮಾರು ನಾಲ್ಕು ಸಂಗತಿ. ನೀನು ಅದಕ್ಕೆ ರೆಕಾರ್ಡ್, ಟೆಸ್ಟ್ ಮಾರ್ಕ್ಸ್, ರೂಮ್‌ಮೇಟ್ ಆಗಲೇ ಮುಗಿಸಿದ ಚಾಪ್ಟರ್, ಅಪ್ಪ ಏನಂದುಕೊಳ್ಳುತ್ತಾರೋ ಅನ್ನುವುದು, ಎಲ್ಲವನ್ನೂ ಹೊರಿಸಿದ್ದೀಯ. ಕಿಟಕಿಯಾಚೆ ದೂರದ ಯಾವುದಾದರೂ ಮರವನ್ನು ಅರ್ಧ ನಿಮಿಷ ನೋಡಿ ಕಣ್ಣು ಸಡಿಲಿಸು, ಆಮೇಲೆ ಒಂದು ಹಾಳೆ ತಗೋ. ಐದು ನಿಮಿಷ, ತಲೆಯಲ್ಲಿರುವುದನ್ನೆಲ್ಲ ಸಾಲಾಗಿ ಬರೆ. "ಫಿಸಿಕ್ಸ್" ಅಂತ ಬರೆದರೆ ಆ ಪದವೇ ಹೆದರಿಸುತ್ತದೆ. "ರೇ ಆಪ್ಟಿಕ್ಸ್, ಲೆನ್ಸ್ ಲೆಕ್ಕ 5" ಅಂತ ಬರೆ. ಈಗಲೇ ಕೂತು ಮಾಡಬಹುದಾದ ಒಂದಕ್ಕೆ ಮಾತ್ರ ಸುತ್ತು ಹಾಕಿ, ಹಾಳೆಯನ್ನು ಮಗುಚಿಡು. ಫೋನ್ ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೆ ಸಾಲದು, ಬೀರುವಿನೊಳಗೆ ಹೋಗಲಿ. 25 ನಿಮಿಷ ಅದೊಂದೇ ಕೆಲಸ. ನಡುವೆ ಮನಸ್ಸು ಓಡಿಹೋಗುತ್ತದೆ, ಓಡಲಿ. ಗೊತ್ತಾದ ತಕ್ಷಣ ಪೆನ್ನಿನ ಮೊನೆ ಇರುವ ಸಾಲಿಗೆ ವಾಪಸ್ ಬಾ. "ಥೂ, ಮತ್ತೆ ಹಾಳಾಯ್ತು" ಅಂತ ಬೈದುಕೊಳ್ಳುತ್ತಾ ಕೂತರೆ ಓಡಿಹೋದದ್ದಕ್ಕಿಂತ ಹೆಚ್ಚು ಹೊತ್ತು ಅದರಲ್ಲೇ ಕಳೆಯುತ್ತದೆ.

ಆ ಬೈಗುಳದ ಬಗ್ಗೆಯೇ ಹೇಳಬೇಕು. "ನಂಗೆ ಏನೂ ಬರಲ್ಲ" ಅನ್ನುತ್ತೀಯಲ್ಲ, ಅದರಲ್ಲಿ "ಏನೂ" ಅನ್ನುವುದು ಸುಳ್ಳು. "ಯಾವಾಗ್ಲೂ", "ಎಲ್ಲಾ" ಕೂಡ ಅದೇ ಜಾತಿಯವು. ಅವನ್ನು ತೆಗೆದು ಹೇಳಿ ನೋಡು: "ಈ ಲೆಕ್ಕದ ಮೂರನೇ ಸಾಲು ಬರ್ತಿಲ್ಲ." ಇದಕ್ಕೆ ಏನಾದರೂ ಮಾಡಬಹುದು. ಹಾಗಂತ "ನಾನೇ ಫಸ್ಟ್ ಬರ್ತೀನಿ" ಅಂತ ಕನ್ನಡಿ ಮುಂದೆ ಹೇಳಿಕೊಳ್ಳುವುದೂ ಬೇಡ. ನಂಬಿಕೆ ಬಾರದ ಮಾತು ಗಾಬರಿಯ ಹೊತ್ತಿಗೆ ನಿಲ್ಲುವುದಿಲ್ಲ. "ನಾನು" ಬಿಟ್ಟು ಹೆಸರು ಹಿಡಿದು ಕರೆದುಕೋ: "ಚಿನ್ನೂ, ಈಗ ಮುಂದಿನ ಹೆಜ್ಜೆ ಯಾವುದು?" ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ತಮ್ಮನ್ನು ತಾವೇ ಹೆಸರಿನಿಂದ ಕರೆದುಕೊಂಡವರು ಭಾಷಣದಂಥ ಒತ್ತಡವನ್ನು ಹೆಚ್ಚು ಚೆನ್ನಾಗಿ ನಿಭಾಯಿಸಿದ್ದರು. ಗೆಳತಿಗೆ ಬುದ್ಧಿ ಹೇಳುವಾಗ ನಿನ್ನ ತಲೆ ಎಷ್ಟು ಚುರುಕಾಗಿ ಓಡುತ್ತದೆ, ಹೊರಗೆ ನಿಂತು ನೋಡುವ ಅದೇ ದೂರ ಇಲ್ಲೂ ಸಿಗುತ್ತದೆ.

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ; ಪ್ರಶ್ನೆಗೆ ಸಿಗುವುದು ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಪಾದ ಊರಿ, ಹೆಗಲು ಬಿಟ್ಟು, ಮೂರು ಉಸಿರು ಬಿಡಲು ಒಂದು ಪ್ರಶ್ನೆಯಷ್ಟು ಹೊತ್ತೂ ಬೇಡ. ಕೆಳಗಿನ ಪ್ರಶ್ನೆಗಳನ್ನು ಅಂಗೈಯಿಂದ ಮುಚ್ಚಿ ಕಣ್ಣೆದುರಿನ ಒಂದನ್ನೇ ಓದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ತೊಡಕಾದದ್ದಕ್ಕೆ ಗುರುತು ಹಾಕಿ ಮುಂದೆ ಹೋಗು, ಕೊನೆಯಲ್ಲಿ ಯಾವುದನ್ನೂ ಖಾಲಿ ಬಿಡಬೇಡ. ಆದರೆ ಇದನ್ನೆಲ್ಲ ಮೊದಲ ಸಲ ಪರೀಕ್ಷೆಯ ದಿನವೇ ಮಾಡಿದರೆ ನೆನಪಿಗೇ ಬರುವುದಿಲ್ಲ. ದಿನಾ ಓದಲು ಕೂರುವಾಗ, ಗಾಬರಿ ಇಲ್ಲದಾಗಲೇ ಮಾಡು.

ಎರಡು ವಾರವಾದರೂ ನಿದ್ದೆ ಬಾರದೆ, ಊಟ ಸೇರದೆ, ಅಳು ನಿಲ್ಲದೆ ಇದ್ದರೆ ಬೆನ್ನು, ಉಸಿರು ಅಂತ ಕೂರಬೇಡ. ಬದುಕೇ ಬೇಡ ಅನ್ನಿಸಿದರಂತೂ ಒಂದು ಗಂಟೆಯೂ ಕಾಯಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನನಗೂ ಮಾಡು, ರಾತ್ರಿ ಎಷ್ಟು ಹೊತ್ತಾಗಿದ್ದರೂ.

ಇವತ್ತು ಊಟಕ್ಕೆ ಹೋಗುವ ಮುಂಚೆ ಆ ಹಾಳೆ ಬರೆದು ಫೋಟೋ ಕಳಿಸು. ಯಾವುದಕ್ಕೆ ಸುತ್ತು ಹಾಕಿದೆ ಅಂತ ನೋಡಬೇಕು.

ನಿನ್ನ
ಅಪ್ಪ