ದೀಪವಿಲ್ಲದ ದಾರಿಯ ಡ್ರೈವರ್

ಆಶ್‌ಟೆಡ್, ಇಂಗ್ಲೆಂಡ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ಬರೆಯಿರಿ. ಈ ಸಲ ನಿಮಗೊಬ್ಬ ಡ್ರೈವರ್ ವಿಷಯ ಹೇಳಬೇಕು. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ನಾವಿರುವ ಈ ಊರಿನಲ್ಲೇ ಬಹುಕಾಲ ಬಾಳಿ 1978ರಲ್ಲಿ ತೀರಿಕೊಂಡ ಎಲ್ಸಿ ನಾಕರ್ ಎಂಬ ಹೆಣ್ಣುಮಗಳು ಆಕೆ. ನರ್ಸ್ ಆಗಿ ತರಬೇತಾದವರು. ಮೋಟಾರ್ ಸೈಕಲ್ ಎಂದರೆ ಪ್ರಾಣ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ, ತನ್ನಂತೆಯೇ ಬೈಕಿನ ಹುಚ್ಚಿದ್ದ ಹದಿನೆಂಟರ ಮೈರಿ ಚಿಸಮ್ ಜೊತೆ ಸ್ವಯಂಸೇವಕಿಯಾಗಿ ಬೆಲ್ಜಿಯಂಗೆ ಹೋದರು. ಆಂಬುಲೆನ್ಸ್ ಓಡಿಸುವ ಕೆಲಸ. ರಾತ್ರಿ ಹೆಡ್‌ಲೈಟ್ ಹಾಕುವಂತಿಲ್ಲ, ಬೆಳಕು ಕಂಡರೆ ಶೆಲ್ ಬಂದು ಬೀಳುತ್ತದೆ. ರಸ್ತೆ ತುಂಬ ಕೆಸರು, ಹೊಂಡ. ಹಿಂದೆ ನರಳುತ್ತಿರುವ ಸೈನಿಕರು.

ಗಾಡಿ ಓಡಿಸುತ್ತ ಓಡಿಸುತ್ತ ಎಲ್ಸಿ ಒಂದು ವಿಷಯ ಗಮನಿಸಿದರು. ಬದುಕಬಹುದಾಗಿದ್ದ ಎಷ್ಟೋ ಗಾಯಾಳುಗಳು ಕುಲುಕಾಟ, ಚಳಿ, ಆಘಾತ ತಾಳಲಾರದೆ ದಾರಿಯಲ್ಲೇ ಸಾಯುತ್ತಿದ್ದರು. ಹಾಗಾದರೆ ಗಾಯಗೊಂಡ ಜಾಗದ ಹತ್ತಿರವೇ ಅವರನ್ನು ಬೆಚ್ಚಗೆ ಮಲಗಿಸಿ, ಸ್ವಲ್ಪ ಚೇತರಿಸಿಕೊಂಡ ಮೇಲೆ ಆಸ್ಪತ್ರೆಗೆ ಸಾಗಿಸಬಾರದೇಕೆ? ಅದೇ ವರ್ಷದ ನವೆಂಬರಿನಲ್ಲಿ ಪೆರ್ವೈಸ್ ಎಂಬ ಹಳ್ಳಿಯ ಪಾಳುಮನೆಯೊಂದರ ನೆಲಮಾಳಿಗೆಯಲ್ಲಿ ಇಬ್ಬರೂ ಬೀಡುಬಿಟ್ಟರು. ಬೆಲ್ಜಿಯಂ ಸೈನಿಕರ ಕಂದಕಗಳು ಕೂಗಳತೆಯಲ್ಲಿದ್ದವು. ಹುಲ್ಲಿನ ಮೇಲೆ ಮಲಗುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಕಂದಕಗಳಿಗೆ ಬಿಸಿ ಸೂಪು ಒಯ್ದು ಕೊಡುವುದು, ಮತ್ತೆ ಸ್ಟೇರಿಂಗ್ ಹಿಡಿಯುವುದು. 1918ರಲ್ಲಿ ವಿಷಾನಿಲ ತಾಗಿ ಊರಿಗೆ ಮರಳುವವರೆಗೆ, ಹೆಚ್ಚುಕಡಿಮೆ ಮೂರೂವರೆ ವರ್ಷ, ಇದೇ ಬದುಕು.

ಇಬ್ಬರಿಗೂ ಮಿಲಿಟರಿ ಮೆಡಲ್ ಬಂತು. ನನಗೆ ಪದಕಕ್ಕಿಂತ ಆ ಗಮನಿಸಿದ ಕಣ್ಣು ದೊಡ್ಡದು, ಅಪ್ಪ. ಅಷ್ಟು ದಣಿವಿನಲ್ಲಿ, ಅಷ್ಟು ಭಯದಲ್ಲಿ, ಹಿಂದಿನ ಸೀಟಿನ ಉಸಿರಿಗೆ ಕಿವಿಗೊಟ್ಟವರಲ್ಲವೇ ಅವರು? ಎಲ್ಸಿಯ ಆಮೇಲಿನ ಬದುಕು ಸುಖದ್ದಾಗಿರಲಿಲ್ಲ. ಮೈರಿಯೊಡನೆ ಸ್ನೇಹ ಕಡಿದುಹೋಯಿತು. ಎರಡನೆಯ ಮಹಾಯುದ್ಧದಲ್ಲಿ, ವಾಯುಪಡೆಯಲ್ಲಿದ್ದ ಮಗ ತೀರಿಕೊಂಡ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನೀವು ಒಮ್ಮೆ ಘಾಟಿಯ ಮಂಜಿನಲ್ಲಿ ಲೈಟು ಕೆಟ್ಟ ಜೀಪನ್ನು ಇಳಿಸಿಕೊಂಡು ಬಂದಿದ್ದಿರಲ್ಲ, ಆಗ ದಾರಿ ಹೇಗೆ ಗೊತ್ತಾಗುತ್ತಿತ್ತು? ಚಿಕ್ಕವಳಿದ್ದಾಗ ಕೇಳಬೇಕೆಂದು ಹೊಳೆಯಲಿಲ್ಲ. ಮುಂದಿನ ಪತ್ರದಲ್ಲಿ ವಿವರವಾಗಿ ಬರೆಯಿರಿ.

ನಿಮ್ಮ ಮಗಳು